ಶಿಶುವಿನ ಮೆದುಳಿನ ಬೆಳವಣಿಗೆ ಮತ್ತು ಜನುಕಗಳ ನಿಯಂತ್ರಣ

ಇಯತ್ತೆ ಹತ್ತನೆಯ ವಿಜ್ಞಾನದಲ್ಲಿ ಅನುವಂಶಿಕತೆಯ ಪಾಠವನ್ನು ಕಲಿಸುವಾಗ ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು ಎಂಬ ಸರಪಳಿಯನ್ನು ವಿದ್ಯಾರ್ಥಿಗಳು ಬೇಗನೆ ಬಾಯಿಪಾಠ ಮಾಡುತ್ತಾರೆ. ಆದರೆ ಆ ಸರಪಳಿ ಒಂದು ಪ್ರಶ್ನೆಯನ್ನು ಹಾಗೆಯೇ ಉಳಿಸುತ್ತದೆ. ಯಕೃತ್ತಿನ ಕೋಶದಲ್ಲಿಯೂ ಮೆದುಳಿನ ನರಕೋಶದಲ್ಲಿಯೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದರೆ ಒಂದು ಯಕೃತ್ತಾಗಿ, ಇನ್ನೊಂದು ಮೆದುಳಾಗಿ ಬೆಳೆದದ್ದು ಹೇಗೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ಶಿಕ್ಷಕರೇ ಕೇಳಬೇಕು.

ಉತ್ತರಕ್ಕೆ ಸೋಲಾಪುರದ ಮಗ್ಗವೇ ಒಳ್ಳೆಯ ಉದಾಹರಣೆ. ಚಾದರಿನ ಜಕಾರ್ಡ್ ಮಗ್ಗದಲ್ಲಿ ಹಾಸಿನ ಎಳೆಗಳೆಲ್ಲ ಮೊದಲೇ ಹೂಡಿರುತ್ತವೆ. ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂಬುದನ್ನು ಮೇಲಿನ ತೂತಿನ ರಟ್ಟುಗಳು ನಿರ್ಧರಿಸುತ್ತವೆ. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಎಳೆ ಏಳುತ್ತದೆ. ತೂತಿಲ್ಲದಲ್ಲಿ ಎಳೆ ಸುಮ್ಮನಿರುತ್ತದೆ. ರಟ್ಟುಗಳ ಮಾಲೆ ಬದಲಾದರೆ ಅದೇ ಹಾಸಿನಿಂದ ಬೇರೊಂದು ಚಿತ್ತಾರ ಮೂಡುತ್ತದೆ. ಜೀವಕೋಶದಲ್ಲಿ ಹಾಸಿನ ಸ್ಥಾನದಲ್ಲಿರುವುದು ಜನುಕಗಳು. ರಟ್ಟಿನ ಕೆಲಸವನ್ನು ಮಾಡುವವು ಡಿಎನ್‌ಎಗೆ ಅಂಟಿಕೊಳ್ಳುವ ನಿಯಂತ್ರಕ ಪ್ರೋಟೀನುಗಳು ಹಾಗೂ ಡಿಎನ್‌ಎಯ ಮೇಲೆ ಬೀಳುವ ಮೀಥೈಲ್ ಗುರುತುಗಳಂಥ ರಾಸಾಯನಿಕ ಮುದ್ರೆಗಳು. ಹೋಲಿಕೆಗೆ ಒಂದು ಮಿತಿಯಿದೆ: ಮಗ್ಗದ ರಟ್ಟನ್ನು ಹೊರಗಿನವನೊಬ್ಬ ಕೊರೆಯುತ್ತಾನೆ, ಜೀವಕೋಶದಲ್ಲಿ ರಟ್ಟನ್ನು ಕೊರೆಯುವ ಪ್ರೋಟೀನೂ ಅದೇ ಹಾಸಿನಿಂದ ನೇಯಲ್ಪಟ್ಟದ್ದು.

ಇಂಥ ಒಂದು ನಿಯಂತ್ರಕದ ಪ್ರಭಾವವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಶುಭಾ ಟೋಳೆ ಮತ್ತು ಅವರ ಸಹೋದ್ಯೋಗಿಗಳು ಇಲಿಗಳ ಭ್ರೂಣದಲ್ಲಿ ತೋರಿಸಿದ್ದಾರೆ. ಎಲ್‌ಎಚ್‌ಎಕ್ಸ್-2 ಎಂಬ ಜನುಕವು ಇಲ್ಲದ ಕೋಶಗಳು ಮೆದುಳಿನ ಹೊರಪದರವಾಗುವ ಬದಲು ಬೇರೆಯೇ ಒಂದು ಗುರುತನ್ನು ಪಡೆದು, ಅಕ್ಕಪಕ್ಕದ ಕೋಶಗಳನ್ನು ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಆಗುವಂತೆ ಪ್ರೇರೇಪಿಸಿದವು. 2008ರಲ್ಲಿ ಪ್ರಕಟವಾದ ಈ ಸಂಶೋಧನೆಯು, ಒಂದೇ ಸ್ವಿಚ್ಚು ಎಷ್ಟು ದೂರದವರೆಗೆ ಪರಿಣಾಮ ಬೀರಬಲ್ಲದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲು ಉಪಯುಕ್ತ.

ಹುಟ್ಟಿದ ಮೇಲಿನ ಕೆಲಸ

ಮನುಷ್ಯನ ನರಕೋಶಗಳಲ್ಲಿ ಬಹುಪಾಲು ಹುಟ್ಟುವ ಮೊದಲೇ ಸಿದ್ಧವಾಗಿರುತ್ತವೆ. ಆದರೂ ನವಜಾತ ಶಿಶುವಿನ ಮೆದುಳಿನ ತೂಕ ಸುಮಾರು 350 ಗ್ರಾಂ ಮಾತ್ರ. ವಯಸ್ಕರಲ್ಲಿ ಅದು 1300 ಗ್ರಾಮಿಗೂ ಮೀರುತ್ತದೆ. ಈ ಬೆಳವಣಿಗೆಯ ಹೆಚ್ಚಿನ ಭಾಗ ಮೊದಲ ಎರಡು ವರ್ಷಗಳಲ್ಲಿಯೇ ಆಗುತ್ತದೆ. ಇದ್ದ ಕೋಶಗಳೇ ಕೊಂಬೆ ಚಾಚುತ್ತವೆ, ಒಂದಕ್ಕೊಂದು ಸಂಪರ್ಕ ಕಟ್ಟಿಕೊಳ್ಳುತ್ತವೆ, ನರತಂತುಗಳ ಮೇಲೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಬೀಳುತ್ತದೆ. ಇದನ್ನೇ ನರಕೋಶಗಳ ಪಕ್ವತೆ ಎನ್ನುವುದು. ಪ್ರತಿಯೊಂದು ಹಂತಕ್ಕೂ ಬೇರೆ ಬೇರೆ ಜನುಕಗಳು ತಮ್ಮ ಸಮಯಕ್ಕೆ ತೆರೆಯಬೇಕು, ಹಿಂದಿನ ಹಂತದವು ಮುಚ್ಚಬೇಕು.

ಮನುಷ್ಯರ ಹಾಗೂ ಇಲಿಗಳ ನರಕೋಶಗಳಲ್ಲಿ, ಹುಟ್ಟಿದ ನಂತರದ ಆರಂಭಿಕ ಕಾಲದಲ್ಲಿ ಹೊಸ ಬಗೆಯ ಮೀಥೈಲ್ ಗುರುತುಗಳು ವೇಗವಾಗಿ ಸೇರುತ್ತಾ ಹೋಗುವುದನ್ನು 2013ರಲ್ಲಿ ಸಂಶೋಧಕರು ಗುರುತಿಸಿದರು. ಈ ಗುರುತುಗಳನ್ನು ಓದುವ ಪ್ರೋಟೀನುಗಳಲ್ಲಿ ಒಂದು ಮೆಕ್‌ಪಿ-2. ಅದರ ಜನುಕ ಕೆಟ್ಟರೆ ರೆಟ್ ಸಿಂಡ್ರೋಮ್ ಉಂಟಾಗುತ್ತದೆ ಎಂಬುದು 1999ರಲ್ಲಿ ಹುದಾ ಜೋಗ್ಬಿಯವರ ತಂಡಕ್ಕೆ ತಿಳಿಯಿತು. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಸಾಮಾನ್ಯವಾಗಿ ಬೆಳೆದಂತೆ ಕಾಣುವ ಹೆಣ್ಣುಮಗು ನಂತರ ಕಲಿತ ಮಾತನ್ನೂ ಕೈಯ ಚಳಕವನ್ನೂ ಕಳೆದುಕೊಳ್ಳುವ ರೋಗವಿದು. ಇಲ್ಲಿ ನರಕೋಶಗಳು ಸಾಯುವುದಿಲ್ಲ, ಪಕ್ವವಾಗದೆ ಉಳಿಯುತ್ತವೆ. 2007ರಲ್ಲಿ ಏಡ್ರಿಯನ್ ಬರ್ಡ್ ಅವರ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಈ ಜನುಕವನ್ನು ಮರಳಿ ಚಾಲನೆಗೊಳಿಸಿದಾಗ ರೋಗಲಕ್ಷಣಗಳು ಬಹುಮಟ್ಟಿಗೆ ಹಿಂದೆ ಸರಿದವು. ಮನುಷ್ಯರಿಗೆ ಅಷ್ಟು ಸುಲಭದ ದಾರಿ ಇನ್ನೂ ದೊರೆತಿಲ್ಲ.

ಉಪ್ಪಿನಿಂದ ಜನುಕದವರೆಗೆ

ರೆಟ್ ಸಿಂಡ್ರೋಮ್ ಅಪರೂಪದ್ದು. ಸೋಲಾಪುರ ಜಿಲ್ಲೆಯ ನಂದೇಶ್ವರವಾಗಲಿ ಅಕ್ಕಲಕೋಟವಾಗಲಿ, ಯಾವ ಊರಿನ ತರಗತಿಗೂ ಹತ್ತಿರವಾದ ಉದಾಹರಣೆ ಥೈರಾಯ್ಡ್ ಗ್ರಂಥಿಯದು. ಈ ಗ್ರಂಥಿ ತಯಾರಿಸುವ ಟಿ-4 ಹಾರ್ಮೋನಿನ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ. ಮೆದುಳಿನಲ್ಲಿ ಒಂದು ಪರಮಾಣು ಕಳಚಿ ಅದು ಟಿ-3 ಆಗುತ್ತದೆ, ನರಕೋಶದ ಕೇಂದ್ರವನ್ನು ಸೇರುತ್ತದೆ. ಅಲ್ಲಿ ಡಿಎನ್‌ಎಯ ಮೇಲೆ ಅದರ ಗ್ರಾಹಕ ಪ್ರೋಟೀನು ಮೊದಲೇ ಕುಳಿತಿರುತ್ತದೆ.

ಈ ಹಂತವನ್ನು ನಿಧಾನವಾಗಿ ಕಲಿಸಬೇಕು, ಏಕೆಂದರೆ ಇಲ್ಲಿಯೇ ಸಾಮಾನ್ಯ ತಪ್ಪು ನುಸುಳುತ್ತದೆ. ಹಾರ್ಮೋನು ಬಾರದಿದ್ದರೆ ಗ್ರಾಹಕ ಸುಮ್ಮನಿರುತ್ತದೆ ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಹಾಗಲ್ಲ. ಹಾರ್ಮೋನು ಇಲ್ಲದ ಗ್ರಾಹಕವು ಅನೇಕ ಜನುಕಗಳನ್ನು ಅದುಮಿ ಹಿಡಿಯುತ್ತದೆ; ಹಾರ್ಮೋನು ಕೂಡಿಕೊಂಡಾಗ ಅದೇ ಗ್ರಾಹಕ ಆ ಜನುಕಗಳನ್ನು ತೆರೆಯುತ್ತದೆ. ಹಾರ್ಮೋನಿಲ್ಲದ ಇಲಿಗಳಿಗಿಂತ, ಮೆದುಳಿನ ಮುಖ್ಯ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಹಾನಿ ಕಡಿಮೆ ಕಂಡುಬಂದಿರುವುದಕ್ಕೆ ಇದೇ ಕಾರಣ. ಬಾಗಿಲಿಗೆ ಕಾವಲುಗಾರನೇ ಇಲ್ಲದಿರುವುದಕ್ಕಿಂತ, ಅಪ್ಪಣೆ ಸಿಗದ ಕಾವಲುಗಾರ ಹೆಚ್ಚು ತೊಂದರೆ ಕೊಡುತ್ತಾನೆ. ಹೀಗೆ ಅದುಮಲ್ಪಡುವ ಜನುಕಗಳಲ್ಲಿ ಮಯೆಲಿನ್ ಪ್ರೋಟೀನುಗಳವೂ ಇವೆ.

ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ತಾಯಿಯ ಹಾರ್ಮೋನೇ ಆಧಾರ. ಆದ್ದರಿಂದ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕಾದ ಮಹಿಳೆಗೆ ಗರ್ಭಿಣಿಯಾದಾಗ 250 ಮೈಕ್ರೋಗ್ರಾಂ ಬೇಕು. ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರು 1956ರಿಂದ ನಡೆಸಿದ ಅಧ್ಯಯನವು ಅಯೋಡಿನ್ ಬೆರೆತ ಉಪ್ಪು ಗಳಗಂಡವನ್ನು ತಗ್ಗಿಸುವುದನ್ನು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಕುತ್ತಿಗೆಯ ಗಂಟು ಕಣ್ಣಿಗೆ ಕಾಣುವುದರಿಂದ ಕಾರ್ಯಕ್ರಮಕ್ಕೆ ಅದರ ಹೆಸರು ಬಂದಿತು. ಕಾಣದ ಹಾನಿ ಮಗುವಿನ ಮೆದುಳಿನಲ್ಲಿತ್ತು. 1992ರಲ್ಲಿ ಅದರ ಹೆಸರು ಅಯೋಡಿನ್ ಕೊರತೆಯ ರೋಗಗಳ ನಿಯಂತ್ರಣ ಕಾರ್ಯಕ್ರಮವೆಂದು ಬದಲಾದದ್ದು ಸರಿಯಾಗಿಯೇ ಇದೆ.

ಉಪ್ಪು ಸರಿಯಿದ್ದರೂ ಒಂದೆರಡು ಸಾವಿರ ಶಿಶುಗಳಲ್ಲಿ ಒಂದು ಶಿಶುವಿನ ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಶಿಶು ಹೆಚ್ಚು ನಿದ್ರಿಸುತ್ತದೆ, ಅಳುವುದು ಕಡಿಮೆ, ಹಾಲಿಗೂ ಹಟ ಮಾಡುವುದಿಲ್ಲ. “ನಮ್ಮ ಕೂಸು ಭಾಳ ಶಾಂತ, ಅಳೋದೇ ಇಲ್ಲ” ಎಂದು ಮನೆಯವರು ಸಂತೋಷಪಡುತ್ತಿರುವಾಗಲೇ ಅಮೂಲ್ಯವಾದ ವಾರಗಳು ಜಾರಿಹೋಗುತ್ತವೆ. ಮೊದಲ ಎರಡು ವಾರಗಳಲ್ಲಿ ದಿನಕ್ಕೊಂದು ಮಾತ್ರೆಯ ಚಿಕಿತ್ಸೆ ಆರಂಭವಾದರೆ ಮಗು ಸಾಮಾನ್ಯವಾಗಿ ಎಲ್ಲರಂತೆ ಕಲಿಯುತ್ತದೆ. ತಿಂಗಳುಗಟ್ಟಲೆ ತಡವಾದರೆ ದೇಹ ಚೇತರಿಸಿಕೊಳ್ಳಬಹುದು; ಬುದ್ಧಿಶಕ್ತಿಯ ನಷ್ಟ ಪೂರ್ತಿ ತುಂಬುವುದಿಲ್ಲ. ಅದೇ ಹಾರ್ಮೋನು, ಅದೇ ಗ್ರಾಹಕ. ಆದರೆ ಜನುಕಗಳು ತೆರೆಯಬೇಕಾಗಿದ್ದ ಕಾಲ ಮುಗಿದಿರುತ್ತದೆ.

ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಇದನ್ನು ಪತ್ತೆಹಚ್ಚಬಹುದು. ಕೆನಡಾದ ಕ್ವಿಬೆಕ್‌ನಲ್ಲಿ 1974ರಲ್ಲಿ ಈ ತಪಾಸಣೆ ಪ್ರಾರಂಭವಾಯಿತು. ಭಾರತದಲ್ಲಿ ನವಜಾತ ಶಿಶುಗಳ ರಕ್ತತಪಾಸಣೆಯ ಮೊದಲ ಪ್ರಾಯೋಗಿಕ ಯೋಜನೆ 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದು ಅಮಿನೊ ಆಮ್ಲಗಳ ದೋಷಗಳನ್ನು ಹುಡುಕುತ್ತಿತ್ತು. ಈ ತಪಾಸಣೆ ಇಂದಿಗೂ ಎಲ್ಲ ಹೆರಿಗೆಗಳಿಗೂ ತಲುಪಿಲ್ಲ. ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಅಕ್ಕ, ಅತ್ತಿಗೆಯರ ಹೆರಿಗೆಗಳು ನಡೆಯುತ್ತಿರುತ್ತವೆ. ವೈದ್ಯರನ್ನು ಈ ತಪಾಸಣೆಯ ಬಗ್ಗೆ ಕೇಳಬೇಕೆಂಬ ಮಾತು ಅವರ ಮೂಲಕವೇ ಮನೆಗೆ ಹೋಗಬಹುದು.

ಕೇಳಿದ ಮಾತು

ಅನುಭವವೂ ಜನುಕಗಳನ್ನು ತಲುಪುತ್ತದೆ. ನರಕೋಶವು ಚಟುವಟಿಕೆಯಿಂದಿದ್ದಾಗ ಅದರೊಳಗೆ ಕ್ಯಾಲ್ಸಿಯಂ ಪ್ರವೇಶಿಸುತ್ತದೆ. ಆ ಸಂಕೇತ ಕೇಂದ್ರದವರೆಗೆ ಹೋಗಿ ಸಂಪರ್ಕಗಳನ್ನು ಬಲಪಡಿಸುವ ಜನುಕಗಳನ್ನು ತೆರೆಯುತ್ತದೆ. ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಶಿಶುಗಳು ಹಿಂದಿಯ ತ-ಟ ಭೇದವನ್ನು ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುತೇಕ ಕುಂದಿತ್ತು. ಇದಕ್ಕೆ ಇಂಥದೇ ಜನುಕ ಕಾರಣವೆಂದು ತರಗತಿಯಲ್ಲಿ ಹೇಳಬಾರದು. ಅಷ್ಟು ನೇರವಾದ ಕೊಂಡಿ ಇಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕೇಳುವ ಮಗು ಎರಡರ ಧ್ವನಿಗಳನ್ನೂ ಉಳಿಸಿಕೊಳ್ಳುತ್ತದೆ. ಎರಡು ಭಾಷೆಗಳಿಂದ ಮಗುವಿನ ತಲೆ ಗೊಂದಲಕ್ಕೀಡಾಗುತ್ತದೆ ಎಂದು ಪಾಲಕರು ಅಂಜಿದರೆ ಆ ಅಂಜಿಕೆಗೆ ಆಧಾರವಿಲ್ಲವೆಂದು ಹೇಳಬಹುದು.

ಶಿಕ್ಷಕರಿಗೆ

ಈ ಪಾಠವನ್ನು ತಾಯಂದಿರ ಮೇಲಿನ ದೂರಾಗಿ ಕಲಿಸಬಾರದು. ತರಗತಿಯಲ್ಲಿ ನಿಧಾನವಾಗಿ ಕಲಿಯುವ ಮಗುವಿಗೆ ಈ ಕಾರಣಗಳಲ್ಲೊಂದನ್ನು ಅಂಟಿಸುವುದೂ ಶಿಕ್ಷಕರ ಕೆಲಸವಲ್ಲ. ಸಂದೇಹ ಬಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತಿಳಿಸುವುದು ಯೋಗ್ಯ. 2013ರಲ್ಲಿ ಪಾಲಘರದಲ್ಲಿ ಆರಂಭವಾದ ಈ ಕಾರ್ಯಕ್ರಮದ ತಪಾಸಣೆಯಲ್ಲಿ ಗಳಗಂಡವೂ ಸೇರಿದೆ.

ಉಪಕ್ರಮ: ಪ್ರತಿ ವಿದ್ಯಾರ್ಥಿಯು ಮನೆಯಿಂದ ಒಂದು ಚಮಚ ಉಪ್ಪನ್ನು ಕಾಗದದ ಪೊಟ್ಟಣದಲ್ಲಿ ತರಲಿ, ಪೊಟ್ಟಣದ ಮೇಲೆ ಹೆಸರು ಬೇಡ, ಪುಡಿಯುಪ್ಪೋ ಕಲ್ಲುಪ್ಪೋ ಎಂದು ಮಾತ್ರ ಬರೆಯಲಿ. ಆಶಾ ಕಾರ್ಯಕರ್ತೆಯನ್ನು ಕರೆದು ಅವರ ಬಳಿಯ ಉಪ್ಪು ಪರೀಕ್ಷೆಯ ದ್ರಾವಣದಿಂದ ಪ್ರತಿ ಮಾದರಿಗೆ ಹನಿ ಹಾಕಿಸಬೇಕು. ಅಯೋಡಿನ್ ಇದ್ದರೆ ಉಪ್ಪು ನೀಲಿಯಾಗುತ್ತದೆ. ಬಣ್ಣದ ಗಾಢತೆಯನ್ನು ಕಿಟ್ಟಿನ ಬಣ್ಣದ ಪಟ್ಟಿಯೊಂದಿಗೆ ಹೋಲಿಸಬೇಕು. ಮನೆಯಲ್ಲಿ ಬಳಸುವ ಉಪ್ಪಿನಲ್ಲಿ ದಶಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಬಣ್ಣ ಬಾರದ ಪೊಟ್ಟಣಗಳಲ್ಲಿ ಕಲ್ಲುಪ್ಪು ಎಷ್ಟು, ಪುಡಿಯುಪ್ಪು ಎಷ್ಟು ಎಂದು ವಿದ್ಯಾರ್ಥಿಗಳೇ ಎಣಿಸಿ ಫಲಕದ ಮೇಲೆ ಬರೆಯಲಿ.