ಐಸ್‌ಕ್ರೀಂ ಗಾಡಿ ಮತ್ತು ಮಳೆಗಾಲದ ಕಂತು

ನನ್ನ ಮಾವನಿಗೆ ಒಂದು ಗೂಡ್ಸ್ ರಿಕ್ಷಾ ಕೊಂಡು ಐಸ್‌ಕ್ರೀಂ ಮಾರುವ ಆಸೆ. ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ ಉರೂಸ್, ಜಾತ್ರೆ, ಕಂಬಳ ಎಂದು ಜನ ಸೇರುತ್ತಲೇ ಇರುತ್ತಾರೆ, ವ್ಯಾಪಾರಕ್ಕೇನು ಕೊರತೆ ಎನ್ನುತ್ತಾರೆ. ವಾಣಿಜ್ಯ ತರಗತಿಯಲ್ಲಿ ಕಲಿತದ್ದನ್ನು ಇದಕ್ಕೆ ಅನ್ವಯಿಸಿ ನೋಡಿದೆ. ಅಂಕಿಗಳು ಉದಾಹರಣೆಗೆ ಮಾತ್ರ.

ಸ್ಥಿರ ವೆಚ್ಚ: ಸಾಲದ ಕಂತು, ವಿಮೆ, ಫ್ರೀಜರನ್ನು ಮೈನಸ್ 18 ಡಿಗ್ರಿಯಲ್ಲಿಡುವ ವಿದ್ಯುತ್ ಸೇರಿ ತಿಂಗಳಿಗೆ 12,000 ರೂ. ಮಾರಾಟವಾಗದಿದ್ದರೂ ಇದನ್ನು ಕಟ್ಟಲೇಬೇಕು.

ಬದಲಾಗುವ ವೆಚ್ಚ: 20 ರೂ.ಗೆ ಮಾರುವ ಕಪ್ಪಿಗೆ ಖರೀದಿ, ಇಂಧನ ಸೇರಿ 16 ರೂ. ಉಳಿಯುವುದು 4 ರೂ.

12,000 ÷ 4 = 3,000 ಕಪ್. ಅಂದರೆ ದಿನಕ್ಕೆ 100 ಕಪ್ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಬ್ರೇಕ್ ಈವನ್ ಬಿಂದು. ಇದರಲ್ಲಿ ಮಾವನ ದುಡಿಮೆಗೆ ಒಂದು ರೂಪಾಯಿಯೂ ಸೇರಿಲ್ಲ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ದಿನಕ್ಕೆ 40 ಕಪ್ ಹೋದರೆ ತಿಂಗಳಿಗೆ 7,200 ರೂ. ಕೊರತೆ; ನಾಲ್ಕು ತಿಂಗಳಿಗೆ 28,800. ಇದನ್ನು ತುಂಬಲು ಉಳಿದ ಎಂಟು ತಿಂಗಳು ತಲಾ 3,600 ರೂ. ತೆಗೆದಿಡಬೇಕು. ಆಗ ದಿನಕ್ಕೆ ಬೇಕಾದದ್ದು 100 ಅಲ್ಲ, 130 ಕಪ್. ಮನೆ ಖರ್ಚಿಗೆ ಅದರ ಮೇಲೆ.

ಲೆಕ್ಕ ತೋರಿಸಿದಾಗ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಮಳೆಗಾಲದಲ್ಲಿ ಅದೇ ಗಾಡಿಯಲ್ಲಿ ಚಾ, ಗೋಳಿಬಜೆ ಮಾರಿದರೆ?" ಎಂದು ಕೇಳಿದರು. ಮುಂಗಡ ಇನ್ನೂ ಕೊಟ್ಟಿಲ್ಲ. ಆ ಲೆಕ್ಕವನ್ನೂ ಈಗ ಹಾಕುತ್ತಿದ್ದೇನೆ.