ಅಂತರಜಾಲಕ್ಕೆ ಏರಿಸಿದ ಚಿತ್ರವು ಮಸುಕಾಗುವುದೇಕೆ?

ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ನೇಸರಿಯ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಓರ್ವ ವಿದ್ಯಾರ್ಥಿನಿಯು ತನ್ನ ಅಜ್ಜಿಯು ಹಾಡಿದ ಬೀಸುವ ಪದಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಅಡುಗೆಮನೆಯಲ್ಲಿ ಮಬ್ಬು ಬೆಳಕು; ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕಂಕುಳಲ್ಲಿ ತಮ್ಮ. ಮುಂಬಯಿಯಲ್ಲಿ ದುಡಿಯುವ ಕಾಕಾನಿಗೆ ಅದನ್ನು ವಾಟ್ಸಪ್ಪಿನಿಂದ ಕಳುಹಿಸಿದಳು. ಕಾಕಾನು ತನಗೆ ಬಂದುದನ್ನೇ ಯೂಟ್ಯೂಬಿಗೆ ಏರಿಸಿದನು. ಮೊಬೈಲಿನಲ್ಲಿ ಸ್ಥಳ ಸಾಲದೆ ಮೂಲವನ್ನು ಅಳಿಸಲಾಯಿತು. ಸಂಕ್ರಾಂತಿಗೆ ಮುನ್ನ ಅಜ್ಜಿಯು ತೀರಿಕೊಂಡರು. ಈಗ ಆ ಮನೆಯಲ್ಲಿ ಉಳಿದಿರುವುದು ಯೂಟ್ಯೂಬಿನ ಪ್ರತಿಯೊಂದೇ. ಧ್ವನಿಯು ಕೇಳಿಸುತ್ತದೆ, ಮುಖವು ಮಾತ್ರ ಸಣ್ಣ ಸಣ್ಣ ಚೌಕಗಳಾಗಿ ಒಡೆದುಹೋಗಿದೆ. “ಸರ್, ಇದನ್ನು ಮತ್ತೆ ಸ್ವಚ್ಛ ಮಾಡಲಿಕ್ಕೆ ಬರುತ್ತದೆಯೇನ್ರಿ?” ಎಂದು ಆಕೆಯು ಕೇಳಿದಳು. ಬರುವುದಿಲ್ಲವೆಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಆ ಮುಖವು ಒಡೆದುದೇಕೆಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿತಿರುವುದು ಅವಶ್ಯ. ಮೊಬೈಲಿನ ಚಿತ್ರವೆಂದರೆ ಚುಕ್ಕೆಗಳ ರಂಗೋಲಿಯೇ. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಒಂದು ಚಿತ್ರದಲ್ಲಿ 20,73,600 ಚುಕ್ಕೆಗಳಾಗುತ್ತವೆ. ಪ್ರತಿಯೊಂದರ ಬಣ್ಣವನ್ನು ಬರೆದಿಡಲು ಮೂರು ಬೈಟುಗಳು ಬೇಕು. ಸೆಕೆಂಡಿಗೆ 30 ಚಿತ್ರಗಳಂತೆ ಲೆಕ್ಕ ಹಾಕಿದರೆ ಒಂದು ಸೆಕೆಂಡಿಗೆ ಹದಿನೆಂಟೂವರೆ ಕೋಟಿ ಬೈಟುಗಳನ್ನು ಮೀರುತ್ತದೆ. ಇಷ್ಟನ್ನು ಸಾಗಿಸುವುದು ಅಸಾಧ್ಯ. ಇಂತಹ ಚಿತ್ರವನ್ನು ಏರಿಸುವವರಿಗೆ ಯೂಟ್ಯೂಬು ಸೂಚಿಸುವ ಪ್ರಮಾಣವು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಬೈಟು ಮಾತ್ರ. ಅಂದರೆ ನೂರೆಂಬತ್ತಕ್ಕೂ ಹೆಚ್ಚು ಪಾಲುಗಳಲ್ಲಿ ಒಂದು ಪಾಲನ್ನುಳಿಸಿ ಮಿಕ್ಕುದನ್ನೆಲ್ಲ ಬಿಟ್ಟುಕೊಡಬೇಕು!

ಹೀಗೆ ಬಿಟ್ಟುಕೊಟ್ಟರೂ ಕಣ್ಣಿಗೆ ಕೊರತೆ ತೋರದಂತೆ ಮಾಡುವ ಗಣಿತವನ್ನು ಜಗತ್ತಿಗೆ ಕೊಟ್ಟವರಲ್ಲಿ ಮೊದಲಿಗರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ ಅಲ್ಲಿಯೇ ಇಂಜಿನಿಯರಿಂಗ್ ಕಲಿತ ನಾಸಿರ್ ಅಹಮದರು. ಅಮೇರಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಟಿ. ನಟರಾಜನ್ ಹಾಗೂ ಕೆ. ಆರ್. ರಾವ್ ಇವರೊಡಗೂಡಿ 1974ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನವನ್ನು ಪ್ರಕಟಿಸಿದರು. ಚಿತ್ರವನ್ನು ಚಿಕ್ಕ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕವನ್ನೂ ದೊಡ್ಡ ಅಲೆ, ಸಣ್ಣ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಅಷ್ಟಾಗಿ ಗೋಚರಿಸದ ಸಣ್ಣ ಅಲೆಗಳನ್ನು ಕೈಬಿಡುವುದೇ ಇದರ ಉಪಯೋಗ. ಇಂದಿನ ವಿಡಿಯೊಗಳೆಲ್ಲ ಬಹುಮಟ್ಟಿಗೆ ಈ ತತ್ತ್ವವನ್ನು, ಇಲ್ಲವೆ ಇದರಿಂದ ಹುಟ್ಟಿದ ರೂಪಗಳನ್ನು ಆಶ್ರಯಿಸಿವೆ. ಅಜ್ಜಿಯ ಮುಖದಲ್ಲಿ ಕಂಡ ಚೌಕಗಳು ಇವೇ. ಅಲೆಗಳನ್ನು ಅತಿಯಾಗಿ ಕೈಬಿಟ್ಟಾಗ ಅವು ಮೇಲೆದ್ದು ತೋರುತ್ತವೆ.

ಇನ್ನೊಂದು ಉಪಾಯವೂ ಉಂಟು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಯಂತ್ರವು ಬರೆದಿಡುತ್ತದೆ. ನಾವು ಹೇಳಬೇಕಾದ ಮುಖ್ಯ ಸಂಗತಿಯು ಇಲ್ಲಿಯೇ ಅಡಗಿದೆ. ಪ್ರತಿ ಸೆಕೆಂಡಿಗೆ ಕಟ್ಟಿಕೊಟ್ಟ ಬುತ್ತಿಯು ಇಂತಿಷ್ಟೇ. ಕೈ ನಡುಗಿದರೆ ಗೋಡೆ, ಒಲೆ, ಬೀಸುಕಲ್ಲು ಎಲ್ಲವೂ ಕದಲಿದಂತಾಗಿ ಬುತ್ತಿಯು ಅವುಗಳಿಗೇ ತೀರುತ್ತದೆ. ಬೆಳಕು ಸಾಲದಿದ್ದರೆ ಮಸೂರದ ಹಿಂದಿನ ಫಲಕವು ಮರಳು ಚೆಲ್ಲಿದಂತಹ ಕಣಗಳನ್ನು ಮೂಡಿಸುತ್ತದೆ. ಆ ಕಣಗಳು ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆಯಾಗಿ, ಯಂತ್ರವು ಅವನ್ನೂ ‘ವ್ಯತ್ಯಾಸ’ವೆಂದು ಬಗೆದು ಬುತ್ತಿಯನ್ನು ಹಂಚುತ್ತದೆ. ಮುಖದ ಸುಕ್ಕಿಗೆ, ಕಣ್ಣಿನ ಹೊಳಪಿಗೆ ಏನೂ ಉಳಿಯುವುದಿಲ್ಲ.

ಆದುದರಿಂದ ಬೆಲೆಯುಳ್ಳ ಮೊಬೈಲಿಗಿಂತ ಬೆಳಗಿನ ಅಂಗಳವು ಮೇಲು. ಹಾಡುವವರನ್ನು ಒಳಮನೆಯಿಂದ ಪಡಸಾಲೆಗೆ ಕರೆತಂದು, ಬೆಳಕು ಅವರ ಮುಖದ ಮೇಲೆ ಬೀಳುವಂತೆ ಕೂಡ್ರಿಸಿರಿ. ಕಿಟಕಿಯು ಅವರ ಬೆನ್ನಿಗಿರಬಾರದು. ಮೊಬೈಲನ್ನು ಅಡ್ಡಲಾಗಿ ಹಿಡಿದು, ಪುಸ್ತಕಗಳ ಕಟ್ಟಿನ ಮೇಲೋ ಮುಕ್ಕಾಲಿಯ ಮೇಲೋ ಊರಿರಿ. ಮಸೂರವನ್ನು ಮೊದಲು ಮೆತ್ತನೆಯ ಅರಿವೆಯಿಂದ ಒರೆಸಿರಿ. (ಹೋಳಿಗೆಯ ಎಣ್ಣೆ ಹತ್ತಿದ ಮಸೂರದಿಂದ ಚಿತ್ರ ತೆಗೆದವರನ್ನು ನಾವು ಬಲ್ಲೆವು.) ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸದೆ ನೀವೇ ಎರಡು ಹೆಜ್ಜೆ ಸಮೀಪಕ್ಕೆ ಹೋಗಿರಿ, ಹಿಗ್ಗಿಸಿದರೆ ಚುಕ್ಕೆಗಳು ಹೆಚ್ಚುವುದಿಲ್ಲ, ದಪ್ಪಗಾಗುತ್ತವೆ ಅಷ್ಟೆ. 1674ರಲ್ಲಿ ಆರು ಮಂದಿ ಸವಾರರೊಡನೆ ಶತ್ರುಸೈನ್ಯದ ಮೇಲೆರಗಿ ಮಡಿದ ಪ್ರತಾಪರಾವ ಗುಜರರ ಸ್ಮಾರಕವು ನಮ್ಮ ನೇಸರಿಯಲ್ಲಿದೆಯಷ್ಟೆ. ಅದನ್ನು ನಮ್ಮ ಹುಡುಗರು ಓಡುತ್ತ ಚಿತ್ರೀಕರಿಸಿದುದನ್ನೂ ನಿಂತು ಚಿತ್ರೀಕರಿಸಿದುದನ್ನೂ ಯೂಟ್ಯೂಬಿಗೆ ಏರಿಸಿ ಹೋಲಿಸಿದೆವು. ಮೊದಲನೆಯದರಲ್ಲಿ ಕಲ್ಲೂ ಗಿಡವೂ ಒಂದೇ ರಾಡಿಯಾಗಿದ್ದವು.

ಇನ್ನು ಕಳುಹಿಸುವ ಮಾತು. ವಾಟ್ಸಪ್ಪು ವಿಡಿಯೊವನ್ನು ಒಮ್ಮೆ ಕುಗ್ಗಿಸುತ್ತದೆ. ಯೂಟ್ಯೂಬು ತನ್ನ ಪದ್ಧತಿಯಂತೆ ಮತ್ತೊಮ್ಮೆ ಕುಗ್ಗಿಸುತ್ತದೆ. ಎರಡು ಸಲ ಜರಡಿ ಹಿಡಿದ ಹಿಟ್ಟಿನಲ್ಲಿ ತವುಡನ್ನು ಹುಡುಕಿದರೆ ಸಿಕ್ಕೀತೆ? ಮೂಲ ಕಡತವನ್ನೇ ನೇರವಾಗಿ ಏರಿಸತಕ್ಕದ್ದು. ವಾಟ್ಸಪ್ಪಿನಿಂದಲೇ ಕಳುಹಿಸುವುದಿದ್ದರೆ ‘ಡಾಕ್ಯುಮೆಂಟ್’ ಎಂಬಲ್ಲಿಂದ ಕಳುಹಿಸಿದರೆ ಕುಗ್ಗುವುದಿಲ್ಲ.

ಹಾಳಾದ ಚಿತ್ರವನ್ನು ತಿದ್ದುವ ಕೃತಕ ಬುದ್ಧಿಯ ತಂತ್ರಗಳು ಈಗ ಬಂದಿವೆ. ಆ ಅಜ್ಜಿಯ ಚಿತ್ರವನ್ನೂ ಒಂದರಲ್ಲಿ ಹಾಕಿ ನೋಡಿದೆವು. ಮುಖವು ತಿಳಿಯಾಯಿತು, ಚರ್ಮವು ನುಣುಪಾಯಿತು. ಗಲ್ಲದ ಹಚ್ಚೆಯು ಮಾಯವಾಯಿತು. “ಇವರು ನಮ್ಮ ಆಯಿ ಅಲ್ರಿ” ಎಂದಳು ಹುಡುಗಿ. ಇಲ್ಲದುದನ್ನು ಯಂತ್ರವು ಊಹಿಸಬಲ್ಲುದೇ ಹೊರತು ನೆನಪಿಸಿಕೊಳ್ಳಲಾರದು.

ಮೂಲವನ್ನು ಕಾಯುವುದರ ಬೆಲೆಯನ್ನು ನಮ್ಮ ಜಿಲ್ಲೆಯೇ ಬಲ್ಲುದು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವು ತಯಾರಾದುದು ಬೆಂಗಳೂರಿನಲ್ಲಲ್ಲ, ನಮ್ಮ ಕೊಲ್ಹಾಪುರದಲ್ಲಿ. ವೈ. ವಿ. ರಾವ್ ಅದರ ನಿರ್ದೇಶಕರು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅದರಲ್ಲಿ ಅಭಿನಯಿಸಿದರು. ಇಂದು ನೋಡಲು ಅದರ ಒಂದು ಪ್ರತಿಯೂ ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಭಾಗ್ಯವು ಬೇರೆ. ಅದರ ಮೂಲ ನೆಗೆಟಿವ್ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದುದರಿಂದ ಚಿತ್ರವನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು.

ನಮ್ಮ ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ಈಗ ಎರಡು ಹಾರ್ಡ್‌ಡಿಸ್ಕುಗಳನ್ನು ಇದಕ್ಕೆಂದೇ ಇಟ್ಟಿದ್ದೇವೆ. ಮನೆಯ ಹಿರಿಯರ ಹಾಡು, ಕಥೆಗಳನ್ನು ಚಿತ್ರೀಕರಿಸಿದವರು ಅಳಿಸುವ ಮುನ್ನ, ಶನಿವಾರ ಶಾಲೆ ಬಿಟ್ಟ ಬಳಿಕ, ಮೊಬೈಲನ್ನೂ ಅದರ ತಂತಿಯನ್ನೂ ತೆಗೆದುಕೊಂಡು ಬರಬೇಕು. ಮೂಲದ ಪ್ರತಿಯನ್ನು ಎರಡರಲ್ಲಿಯೂ ಇರಿಸಿಕೊಂಡು, ಊರು, ದಿನಾಂಕ, ಹಾಡಿದವರ ಹೆಸರನ್ನು ವಹಿಯಲ್ಲಿ ಬರೆದುಕೊಳ್ಳುತ್ತೇವೆ. ಆ ವಿದ್ಯಾರ್ಥಿನಿಯು ಮೊನ್ನೆ ತನ್ನ ಅಜ್ಜಿಯ ತಂಗಿಯನ್ನು ಅಂಗಳದಲ್ಲಿ ಕೂಡ್ರಿಸಿ ತೆಗೆದ ಹನ್ನೊಂದು ನಿಮಿಷಗಳ ಚಿತ್ರವು ವಹಿಯಲ್ಲಿ ಮೊದಲನೆಯದಾಗಿ ದಾಖಲಾಗಿದೆ.