ಹಕ್ಕಿಗಳಿಗೆ ಮೊದಲು ನೀರು, ಆಮೇಲೆ ಕಾಳು

ಹಕ್ಕಿಗಳಿಗೆ ಏನಾದರೂ ಹಾಕಬೇಕು ಅನ್ನಿಸಿದಾಗ ಬಹುತೇಕರ ಕೈ ಅಕ್ಕಿ ಡಬ್ಬಕ್ಕೇ ಹೋಗುತ್ತದೆ. ಆದರೆ ಹಿತ್ತಲಿನಲ್ಲಿ ಸುಳಿದಾಡುವ ಹಕ್ಕಿಗಳಲ್ಲಿ ಕಾಳು ತಿನ್ನುವವು ಕೆಲವೇ. ಗುಬ್ಬಚ್ಚಿ, ರಾಟವಾಳ, ಚೋರೆ ಹಕ್ಕಿಗಳಿಗೆ ಕಾಳು ಬೇಕು. ಪಿಕಳಾರ ಮತ್ತು ಕುಟ್ರು ಹಕ್ಕಿ ಹಣ್ಣು ಹುಡುಕುತ್ತವೆ, ಸೂರಕ್ಕಿ ಹೂವಿಗೆ ಬರುತ್ತದೆ, ಮಡಿವಾಳ ಹಕ್ಕಿಗೆ ಹುಳುಹುಪ್ಪಟೆಯೇ ಊಟ. ಇವೆಲ್ಲಕ್ಕೂ ಬೇಕಾದದ್ದು ನೀರು. ಹೊಸಬರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು. ನೀರಿನ ಆಳ ಎರಡು ಇಂಚು ಮೀರಬಾರದು; ಪುಟ್ಟ ಹಕ್ಕಿಗಳು ಕುಡಿಯುವುದಷ್ಟೇ ಅಲ್ಲ, ಅದರಲ್ಲೇ ಮೀಯುತ್ತವೆ. ಸ್ಟೀಲ್ ಪಾತ್ರೆ ಬಿಸಿಲಿಗೆ ಕಾಯುತ್ತದೆ, ಒಳಗೆ ಕಾಲೂ ಜಾರುತ್ತದೆ. ತಟ್ಟೆಯ ನಡುವೆ ಒಂದು ಒರಟು ಕಲ್ಲಿಟ್ಟರೆ ಕೂರಲು ಆಸರೆ. ಜಾಗ ನೆರಳಿನಲ್ಲಿರಲಿ. ಬೆಕ್ಕು ಅವಿತು ಕೂರಬಹುದಾದ ಪೊದೆಯಿಂದ ಆರೇಳು ಅಡಿ ದೂರವಿರಬೇಕು, ಗಾಬರಿಯಾದರೆ ಹಾರಿ ಕೂರಲು ಹತ್ತಿರದಲ್ಲೊಂದು ಕೊಂಬೆಯೂ ಬೇಕು. ದಿನವೂ ಹಳೆಯ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸ ನೀರು ತುಂಬಬೇಕು. ಸೊಳ್ಳೆಯ ಚಿಂತೆಗೂ ಇದೇ ಪರಿಹಾರ: ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಹಿಡಿಯುತ್ತದೆ.

ನೀರಿಗೆ ಹಕ್ಕಿಗಳು ಬಂದು ಹೋಗುವುದು ರೂಢಿಯಾದ ಮೇಲೆ ಕಾಳು ಇಡಬಹುದು. ನವಣೆ, ಸಜ್ಜೆ, ಅಕ್ಕಿ ನುಚ್ಚು ಯಾವುದಾದರೂ ಆದೀತು. ಬೆಳಿಗ್ಗೆ ಒಂದು ಹಿಡಿ, ಸಂಜೆಯೊಳಗೆ ಖಾಲಿಯಾಗುವಷ್ಟು ಮಾತ್ರ; ಉಳಿದರೆ ಇಲಿ ಬರುತ್ತದೆ. ನೆಲದ ಮೇಲೆ ಚೆಲ್ಲುವುದಕ್ಕಿಂತ ಭತ್ತದ ಅಥವಾ ಜೋಳದ ತೆನೆಯನ್ನು ಸೂರಿಗೆ ತೂಗುಹಾಕುವ ಹಳೆಯ ಪದ್ಧತಿ ಮೇಲು. ತೂಗಾಡುವ ತೆನೆಗೆ ಗುಬ್ಬಚ್ಚಿ ಸಲೀಸಾಗಿ ಜೋತುಬೀಳುತ್ತದೆ, ದಪ್ಪ ಮೈಯ ಪಾರಿವಾಳಕ್ಕೆ ಅದು ಕಷ್ಟ. ನಗರಗಳಲ್ಲಿ ಇದು ಮುಖ್ಯ. ಪಾರಿವಾಳಗಳ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶದ ಕಾಯಿಲೆಗೆ ಕಾರಣವಾಗಬಲ್ಲದು. ಹಿಂಡು ಬರತೊಡಗಿದರೆ ಕಾಳು ನಿಲ್ಲಿಸಿ ನೀರನ್ನಷ್ಟೇ ಇಡುವುದು ಲೇಸು.

ಪಿಕಳಾರಕ್ಕೆ ಮಾಗಿದ ಬಾಳೆ, ಪಪ್ಪಾಯಿ ಅಥವಾ ಸೀಬೆಯ ಹೋಳನ್ನು ಕೊಂಬೆಗೆ ಚುಚ್ಚಿಟ್ಟು ಸಂಜೆ ತೆಗೆದುಬಿಡಬೇಕು.

ಉಳಿದ ಚಿತ್ರಾನ್ನ, ಚಕ್ಕುಲಿ, ಚಿಪ್ಸ್ ಬೇಡವೇ ಬೇಡ. ಉಪ್ಪು ಹಕ್ಕಿಗಳಿಗೆ ಅಪಾಯ. ಬ್ರೆಡ್‌ನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಹಾಲು ಅವಕ್ಕೆ ಜೀರ್ಣವಾಗದು. ಬೂಸ್ಟು ಹಿಡಿದ ಶೇಂಗಾ ಅಂತೂ ವಿಷವೇ. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಅಥವಾ ಕಣ್ಣು ಊದಿಕೊಂಡ ಹಕ್ಕಿ ಕಂಡರೆ ಎರಡು ವಾರ ಎಲ್ಲವನ್ನೂ ನಿಲ್ಲಿಸಿ, ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು. ಒಂದೇ ತಟ್ಟೆಗೆ ಹತ್ತಾರು ಕೊಕ್ಕು ಬಿದ್ದಾಗ ರೋಗ ಹರಡುವುದು ಬೇಗ.

ದೀರ್ಘಕಾಲದ ಊಟ ಮಾತ್ರ ಗಿಡಗಳಿಂದಲೇ. ದಾಸವಾಳ, ಕೇಪಳ ಇದ್ದಲ್ಲಿ ಸೂರಕ್ಕಿ ಬರುತ್ತದೆ. ಸಕ್ಕರೆ ನೀರಿನ ಅಗತ್ಯವಿಲ್ಲ. ಗಸಗಸೆ ಹಣ್ಣಿನ ಮರ ಬೇಗ ಬೆಳೆದು ವರ್ಷದ ಬಹುಕಾಲ ಹಣ್ಣು ಕೊಡುತ್ತದೆ. ಕರಿಬೇವಿನ ಹಣ್ಣನ್ನು ಕೀಳದೆ ಬಿಟ್ಟರೆ ಪಿಕಳಾರ, ಕೋಗಿಲೆ ಎರಡೂ ಹುಡುಕಿಕೊಂಡು ಬರುತ್ತವೆ. ಇನ್ನು ಕೀಟನಾಶಕ: ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಉಣಿಸುವುದು ಹುಳುಗಳನ್ನೇ. ಔಷಧಿ ಹೊಡೆಯುವ ಹಿತ್ತಲಿನಲ್ಲಿ ಎಷ್ಟು ನವಣೆ ಚೆಲ್ಲಿದರೂ ಆ ಮರಿಗಳ ಹೊಟ್ಟೆ ತುಂಬದು.

ಬಂದ ಹಕ್ಕಿ ಯಾವುದೆಂದು ಗುರುತಿಸಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕೈಯಳತೆಯಲ್ಲಿರಲಿ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲಿ ಭಾರತವೂ 2013ರಿಂದ ಪಾಲ್ಗೊಳ್ಳುತ್ತಿದೆ. ಕನಿಷ್ಠ 15 ನಿಮಿಷ ಕೂತು, ಕಂಡ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರಾಯಿತು. ಮುಂದಿನ ಎಣಿಕೆಗೆ ನಿಮ್ಮ ಹಿತ್ತಲಿನ ಪಟ್ಟಿಯನ್ನೂ ಕಳಿಸಿ.